ಎರಡು ಹಲಗೆ, ಒಂದು ತೊಲೆ: ನಡುವಿನ ಅಂಟನ್ನು ನಂಬೋದು ಹೇಗೆ?



ಒಂದು ಅಡಿ ಉದ್ದದ ಮರದ ಸ್ಕೇಲ್ ತಗೊಳ್ಳಿ. ಎರಡು ಪುಸ್ತಕಗಳ ಮೇಲೆ ಅದನ್ನು ಸೇತುವೆ ಹಾಗೆ ಮಲಗಿಸಿ, ನಡುವೆ ಬೆರಳಿನಿಂದ ಒತ್ತಿ. ಸುಲಭವಾಗಿ ಬಾಗುತ್ತೆ. ಈಗ ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಎಷ್ಟು ಒತ್ತಿದರೂ ಬಾಗಿದ್ದು ಕಣ್ಣಿಗೆ ಕಾಣೋದಿಲ್ಲ. ಮರ ಅದೇ, ತೂಕ ಅದೇ, ಕೈ ಅದೇ. ಬದಲಾದದ್ದು ಒಂದೇ: ಮೇಲಿನಿಂದ ಕೆಳಕ್ಕೆ ಅಳೆದಾಗ ಸಿಗುವ ದಪ್ಪ.

ತೊಲೆಯ ವಿಜ್ಞಾನ ಶುರುವಾಗೋದು ಇಲ್ಲಿಂದಲೇ. ತೊಲೆ ಬಾಗದಂತೆ ತಡೆಯುವ ಗುಣಕ್ಕೆ ಬಿಗಿತ ಅಂತ ಕರೆಯೋಣ. ಆಯತಾಕಾರದ ತೊಲೆಯ ಬಿಗಿತ ಅದರ ಅಗಲಕ್ಕೆ ನೇರ ಅನುಪಾತದಲ್ಲಿರುತ್ತೆ. ಆದರೆ ದಪ್ಪಕ್ಕೆ ಹಾಗಲ್ಲ, ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತೆ. ದಪ್ಪ 2 ಪಟ್ಟಾದರೆ ಬಿಗಿತ 8 ಪಟ್ಟು. 3 ಪಟ್ಟಾದರೆ 27 ಪಟ್ಟು. ನಿಮ್ಮ ಸ್ಕೇಲ್ 30 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ ಇದೆ ಅಂದುಕೊಳ್ಳಿ. ಮಲಗಿಸಿದಾಗಿನ ಲೆಕ್ಕ 30 × 3 × 3 × 3, ಅಂದರೆ 810. ನಿಲ್ಲಿಸಿದಾಗ 3 × 30 × 30 × 30, ಅಂದರೆ 81,000. ಸರಿಯಾಗಿ 100 ಪಟ್ಟು! ಮನೆ ಕಟ್ಟುವವರು ತೊಲೆಯನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಕೂರಿಸೋದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ದಪ್ಪ ತೊಲೆ ಎಲ್ಲಿಂದ ತರೋದು?

ನಮ್ಮ ತಾಳವಾಡಿ ಕಡೆಯ ಹಳೆಯ ಹೆಂಚಿನ ಮನೆಗಳ ಒಳಗೆ ನಿಂತು ತಲೆ ಎತ್ತಿ ನೋಡಿ. ಗೋಡೆಯಿಂದ ಗೋಡೆಗೆ ಒಂದೇ ಮರದ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಅಷ್ಟು ದಪ್ಪದ ತೊಲೆ ಬೇಕಾದರೆ ಅದಕ್ಕಿಂತ ದಪ್ಪದ ಮರ ಬೇಕು. ಅಂಥ ಮರ ಬೆಳೆಯೋಕೆ ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಹಿಡಿಯುತ್ತೆ.

ಇಂದು ನಮ್ಮ ಬೆಟ್ಟದ ಸುತ್ತ ಇರೋದು ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶ. 2013ರಲ್ಲಿ ಅದು ಹುಲಿ ಮೀಸಲು ಅಂತ ಘೋಷಣೆಯಾಯ್ತು. ಆಚೆ ಕರ್ನಾಟಕದ ಕಡೆ ಬಿಳಿಗಿರಿರಂಗನ ಬೆಟ್ಟ, ಬಂಡೀಪುರದ ಕಾಡುಗಳು. ಅಲ್ಲಿನ ದೊಡ್ಡ ಮರ ಆನೆಗೂ ಹುಲಿಗೂ ನಮ್ಮ ಮಳೆಗೂ ಬೇಕಾದದ್ದು. ಅದು ನಮ್ಮ ಸೂರಿನ ತೊಲೆ ಆಗುವ ಕಾಲ ಮುಗೀತು, ಮುಗಿಯಲೂ ಬೇಕು. ಹೊಲದ ಬದುವಿನಲ್ಲಿ ಬೆಳೆಸಬಹುದಾದದ್ದು ಬಿದಿರು, ಸಿಲ್ವರ್ ಓಕ್, ನೀಲಗಿರಿ. ಇವೆಲ್ಲ ಬೇಗ ಬೆಳೆಯುತ್ತವೆ, ಆದರೆ ಕಡಿಯುವ ಹೊತ್ತಿಗೆ ಇನ್ನೂ ಸಣಕಲಾಗಿಯೇ ಇರುತ್ತವೆ. ಬಿದಿರಂತೂ ಒಳಗೆ ಟೊಳ್ಳು.

ಹಾಗಾದರೆ ಸಣ್ಣ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ದಪ್ಪ ತೊಲೆ ಮಾಡಬಹುದಾ? ಮಾಡಬಹುದು. ಬರೀ ಇಟ್ಟರೆ ಸಾಲದು, ಅಂಟಿಸಬೇಕು.

ಬರೀ ಇಟ್ಟರೆ ಏನಾಗುತ್ತೆ?

ನಿಮ್ಮ ದಪ್ಪ ಪಠ್ಯಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ಅದರ ಅಂಚನ್ನು ಗಮನಿಸಿ. ನೇರವಾಗಿದ್ದ ಅಂಚು ಓರೆಯಾಗುತ್ತೆ. ಹಾಳೆಗಳು ಒಂದರ ಮೇಲೊಂದು ಜಾರಿವೆ. ಪ್ರತಿ ಹಾಳೆಯೂ ತನ್ನ ಪಾಡಿಗೆ ತಾನು ಬಾಗುತ್ತಿದೆ. ಈಗ ಎರಡೂ ಅಂಚನ್ನು ಗಟ್ಟಿ ಕ್ಲಿಪ್ಪಿನಿಂದ ಬಿಗಿದು ಬಗ್ಗಿಸಲು ನೋಡಿ. ಕಷ್ಟ! ಯಾಕೆಂದರೆ ಜಾರೋಕೆ ದಾರಿ ಇಲ್ಲ.

ತೊಲೆ ಬಾಗುವಾಗ ಒಳಗೆ ನಡೆಯೋದೂ ಇದೇ. ಮೇಲಿನ ಪದರ ಅದುಮಲ್ಪಟ್ಟು ಮೋಟಾಗುತ್ತೆ. ಕೆಳಗಿನ ಪದರ ಎಳೆಯಲ್ಪಟ್ಟು ಉದ್ದವಾಗುತ್ತೆ. ನಟ್ಟನಡುವಿನ ಪದರ ಮೋಟೂ ಆಗದು, ಉದ್ದವೂ ಆಗದು. ಅದಕ್ಕೆ ತಟಸ್ಥ ಪದರ ಅಂತ ಹೆಸರು. ಎರಡು ಹಲಗೆಗಳನ್ನು ಅಂಟಿಲ್ಲದೆ ಇಟ್ಟರೆ ಪ್ರತಿ ಹಲಗೆಗೂ ತನ್ನದೇ ತಟಸ್ಥ ಪದರ ಇರುತ್ತೆ. ಮೇಲಿನ ಹಲಗೆಯ ತಳ ಉದ್ದವಾಗಲು ನೋಡುತ್ತೆ, ಕೆಳಗಿನ ಹಲಗೆಯ ಮೇಲ್ಮೈ ಮೋಟಾಗಲು ನೋಡುತ್ತೆ. ಎರಡೂ ಒಂದರ ಮೇಲೊಂದು ಜಾರುತ್ತವೆ. ಅಂಟು ಮಾಡುವ ಕೆಲಸ ಈ ಜಾರುವಿಕೆಯನ್ನು ತಡೆಯೋದು. ತಡೆದ ಕ್ಷಣ ಎರಡು ಹಲಗೆ ಸೇರಿ ಒಂದೇ ತೊಲೆ, ಒಂದೇ ತಟಸ್ಥ ಪದರ.

ಲೆಕ್ಕ ಹಾಕೋಣ. ಒಂದು ಪಟ್ಟಿಯ ಬಿಗಿತ 1 ಅಂತಿಟ್ಟುಕೊಳ್ಳಿ. ಅಂಟಿಲ್ಲದ ಎರಡು ಪಟ್ಟಿಗಳ ಬಿಗಿತ 1 + 1 = 2. ಅಂಟಿಸಿದ ಎರಡರ ದಪ್ಪ 2 ಪಟ್ಟಾದ್ದರಿಂದ ಬಿಗಿತ 2 × 2 × 2 = 8. ಮರ ಅಷ್ಟೇ ಇದೆ, ನಡುವೆ ಬಂದದ್ದು ಕಾಗದದಷ್ಟು ತೆಳು ಅಂಟು, ಆದರೆ ಬಿಗಿತ 4 ಪಟ್ಟು ಹೆಚ್ಚಾಯ್ತು. ಮೂರು ಪಟ್ಟಿಯಾದರೆ 3ರ ಬದಲು 27, ಅಂದರೆ 9 ಪಟ್ಟು.

ಇಲ್ಲಿ ಒಂದು ಎಚ್ಚರಿಕೆ. ಬಿಗಿತ ಬೇರೆ, ಬಲ ಬೇರೆ. ಎಷ್ಟು ಬಾಗುತ್ತೆ ಅನ್ನೋದು ಬಿಗಿತ. ಎಷ್ಟು ಭಾರಕ್ಕೆ ಮುರಿಯುತ್ತೆ ಅನ್ನೋದು ಬಲ. ಬಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಎರಡು ಪಟ್ಟಿ ಅಂಟಿಸಿದರೆ, ಅಂಟಿಸದ ಎರಡಕ್ಕಿಂತ ಬಿಗಿತ 4 ಪಟ್ಟಾದರೂ ಬಲ 2 ಪಟ್ಟು ಮಾತ್ರ. ಪರೀಕ್ಷೆಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯೋದು ಇದಕ್ಕೇ.

ಪ್ಲೈವುಡ್ ಅಲ್ಲ, ಇದು ಬೇರೆ

"ಇದು ಪ್ಲೈವುಡ್ ತಾನೇ ಸಾರ್?" ಅಂತ ಯಾರಾದರೂ ಕೇಳಬಹುದು. ಅಲ್ಲ. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕೆ ಇದ್ದರೆ ಮುಂದಿನ ಪದರದ್ದು ಅಡ್ಡಕ್ಕೆ. ಹಾಗಾಗಿ ಅದು ಹಲಗೆಯಾಗಿ ಎರಡೂ ದಿಕ್ಕಿಗೆ ಒಳ್ಳೇದು. ತೊಲೆಗೆ ಬಲ ಬೇಕಾದದ್ದು ಉದ್ದದ ದಿಕ್ಕಿಗೆ ಮಾತ್ರ. ಅದಕ್ಕೆ ಅಂಟಿಸಿದ ತೊಲೆಯಲ್ಲಿ ಎಲ್ಲ ಪಟ್ಟಿಗಳ ನಾರೂ ತೊಲೆಯ ಉದ್ದಕ್ಕೇ ಇರುತ್ತೆ.

ಹೀಗೆ ಮಾಡೋದರಿಂದ ಇನ್ನೂ ಎರಡು ಲಾಭ ಇದೆ. ಇಡೀ ಮರದಲ್ಲಿ ಒಂದು ದೊಡ್ಡ ಗಂಟು ತಪ್ಪು ಜಾಗದಲ್ಲಿದ್ದರೆ ತೊಲೆಯೇ ಕೆಟ್ಟಿತು. ತೆಳು ಪಟ್ಟಿಗಳಲ್ಲಾದರೆ ದೊಡ್ಡ ಗಂಟನ್ನು ಕತ್ತರಿಸಿ ಎಸೆಯಬಹುದು, ಉಳಿದ ಸಣ್ಣ ಗಂಟುಗಳು ಬೇರೆ ಬೇರೆ ಪದರಗಳಲ್ಲಿ ಹಂಚಿಹೋಗುತ್ತವೆ. ಎರಡನೆಯದು, ಹೆಚ್ಚು ಎಳೆತ ಮತ್ತು ಒತ್ತಡ ಇರೋದು ತೊಲೆಯ ತೀರ ಕೆಳಗೆ ಮತ್ತು ತೀರ ಮೇಲೆ. ಒಳ್ಳೆಯ ಮರವನ್ನು ಅಲ್ಲಿಟ್ಟು ಸಾಧಾರಣ ಮರವನ್ನು ನಡುವೆ ಇಟ್ಟರೂ ನಡೆಯುತ್ತೆ.

ಗಂಟು ಕತ್ತರಿಸಿದ ಮೇಲೆ ಪಟ್ಟಿ ತುಂಡಾಯ್ತಲ್ಲ, ಮತ್ತೆ ಉದ್ದ ಮಾಡೋದು ಹೇಗೆ? ಎರಡು ತುದಿಗಳನ್ನು ನೇರವಾಗಿ ಮುಟ್ಟಿಸಿ ಅಂಟಿಸಿದರೆ ನಿಲ್ಲೋದಿಲ್ಲ. ಮರದ ತುದಿಯಲ್ಲಿ ನಾರಿನ ಕೊಳವೆಗಳು ಬಾಯಿ ತೆರೆದಿರುತ್ತವೆ, ಅಂಟನ್ನು ಹೀರಿಬಿಡುತ್ತವೆ. ಅದಕ್ಕೆ ಎರಡೂ ತುದಿಗಳಲ್ಲಿ ಗರಗಸದಂಥ ಉದ್ದ ಹಲ್ಲು ಕೊರೆದು, ಎರಡೂ ಕೈ ಬೆರಳು ಹೆಣೆದ ಹಾಗೆ ಸೇರಿಸುತ್ತಾರೆ. ಇದೇ ಬೆರಳು ಜೋಡಣೆ. ಬಿದಿರಿಗೆ ಇನ್ನೊಂದು ಹೆಜ್ಜೆ ಹೆಚ್ಚು. ಅದರ ಹೊರಮೈ ಮೇಣದಂಥ ನುಣುಪು, ಅಂಟು ಹಿಡಿಯದು. ಸೀಳಿ, ಹೊರಸಿಪ್ಪೆಯನ್ನೂ ಒಳಪದರವನ್ನೂ ಹೆರೆದು, ಚೌಕ ಪಟ್ಟಿ ಮಾಡಿ ಆಮೇಲೆ ಅಂಟಿಸಬೇಕು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ 2ನೇ ಟರ್ಮಿನಲ್‌ನ ಚಾವಣಿಯ ಕೆಳಗೆ ಕಾಣುವ ಬಿದಿರಿನ ಜಾಲರಿ ಇಂಥ ಸಂಸ್ಕರಿಸಿದ ಬಿದಿರಿನದು. ಆದರೆ ಅಲ್ಲಿ ಅದರ ಕೆಲಸ ಅಂದ. ಭಾರ ಹೊರೋದು ಉಕ್ಕು. ಅಂದಕ್ಕೆ ಇರೋದನ್ನು ಕಣ್ಣಿನಿಂದ ನೋಡಿ ಒಪ್ಪಬಹುದು. ಭಾರ ಹೊರೋದನ್ನು ಕಣ್ಣಿನಿಂದ ಒಪ್ಪೋಕಾಗದು.

ನಂಬದೆ ಬೋಲ್ಟು ಹಾಕಿದ ಶಾಲೆ

ಜರ್ಮನಿಯ ವೈಮಾರ್ ಊರಿನ ಬಡಗಿ ಉದ್ಯಮಿ ಆಟೋ ಹೆಟ್ಜರ್ 1906ರಲ್ಲಿ ಬಾಗಿದ ಅಂಟು ತೊಲೆಗೆ ಪೇಟೆಂಟ್ ಪಡೆದ. ತೆಳು ಪಟ್ಟಿಗಳನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅಂಟಿಸಿದರೆ, ಅಂಟು ಒಣಗಿದ ಮೇಲೆ ಅದು ಬಿಲ್ಲಾಗಿಯೇ ಉಳಿಯುತ್ತೆ. ಆ ಕಾಲದ ಅಂಟು ಯಾವುದು ಗೊತ್ತಾ? ಕೇಸೀನ್. ಹಾಲು ಒಡೆದಾಗ ಸಿಗುವ ಗಿಣ್ಣದಂಥ ಪ್ರೋಟೀನು ಅದು, ಅದಕ್ಕೆ ಸುಣ್ಣ ಬೆರೆಸಿ ಅಂಟು ಮಾಡುತ್ತಿದ್ದರು. ನಮ್ಮ ಊರ ಡೇರಿಗೆ ಹೋಗುವ ಹಾಲಿನಲ್ಲೂ ಅದೇ ಕೇಸೀನ್ ಇದೆ.

ಹೆಟ್ಜರ್ ಜೊತೆ ಕೆಲಸ ಮಾಡಿದ್ದ ಮ್ಯಾಕ್ಸ್ ಹಾನಿಶ್ ಅಮೆರಿಕಕ್ಕೆ ಹೋಗಿ ನೆಲೆಸಿದರು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಪೆಶ್ಟಿಗೋ ಎಂಬ ಊರಿನಲ್ಲಿ ಒಂದು ಶಾಲೆಯ ವ್ಯಾಯಾಮ ಶಾಲೆಗೆ ಅಂಟಿಸಿದ ಮರದ ಕಮಾನುಗಳನ್ನು ಕೂರಿಸುವ ಕೆಲಸ ನಡೆಯಿತು. ಕಟ್ಟಡಗಳಿಗೆ ಅನುಮತಿ ಕೊಡುವ ರಾಜ್ಯದ ಅಧಿಕಾರಿಗಳು ಒಪ್ಪಲಿಲ್ಲ. ಬರೀ ಅಂಟು ನಂಬಿ ಮಕ್ಕಳ ತಲೆ ಮೇಲೆ ಸೂರು ನಿಲ್ಲಿಸೋದಾ ಅನ್ನೋದು ಅವರ ಅನುಮಾನ. ಕೊನೆಗೆ ಕಮಾನುಗಳಿಗೆ ಕಬ್ಬಿಣದ ಬೋಲ್ಟು ಮತ್ತು ಪಟ್ಟಿಗಳನ್ನೂ ಸೇರಿಸಿದ ಮೇಲೆಯೇ ಅನುಮತಿ ಸಿಕ್ಕಿತು.

ಅಧಿಕಾರಿಗಳು ಕೇಳಿದ ಪ್ರಶ್ನೆ ತಪ್ಪಾ? ಖಂಡಿತ ಅಲ್ಲ. ಆದರೆ ಅದಕ್ಕೆ ಉತ್ತರ ವಾದದಿಂದ ಬರೋದಿಲ್ಲ. ಅದೇ ರಾಜ್ಯದ ಮ್ಯಾಡಿಸನ್ ನಗರದಲ್ಲಿರುವ ಅರಣ್ಯ ಉತ್ಪನ್ನ ಪ್ರಯೋಗಾಲಯದವರು ತಮ್ಮದೇ ಕಟ್ಟಡಕ್ಕೆ ಅಂಟು ಕಮಾನು ಕೂರಿಸಿ, ಮೇಲೆ ಮರಳಿನ ಮೂಟೆ ಹೇರಿ, ಎಷ್ಟು ಬಾಗುತ್ತೆ ಅಂತ ಅಳೆದರು. ಅಲ್ಲಿನ ಪರೀಕ್ಷೆಗಳ ಫಲಿತಾಂಶ 1939ರಲ್ಲಿ ಪುಸ್ತಕವಾಗಿ ಬಂತು. ಆಮೇಲೆ ಎಂಜಿನಿಯರುಗಳ ಕೈಯಲ್ಲಿ ಅನುಮಾನದ ಬದಲು ಅಂಕಿಗಳಿದ್ದವು. ಇವತ್ತು ನಾರ್ವೆಯ ಬ್ರುಮುಂಡಾಲ್ ಊರಿನಲ್ಲಿ ಅಂಟಿಸಿದ ಮರದ ಕಂಬ ತೊಲೆಗಳ ಮೇಲೆ 18 ಮಹಡಿಯ ಕಟ್ಟಡ ನಿಂತಿದೆ. ಎತ್ತರ 85 ಮೀಟರಿಗೂ ಹೆಚ್ಚು, 2019ರಲ್ಲಿ ಪೂರ್ಣವಾಯ್ತು.

ಪ್ರಯೋಗಾಲಯದಲ್ಲಿ ಏನೇನು ಮಾಡ್ತಾರೆ?

ಇಂಥ ಪರೀಕ್ಷೆ ನೋಡೋಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಪ್ಲೈವುಡ್ ಸಂಶೋಧನಾ ಸಂಸ್ಥೆ ಶುರುವಾಯ್ತು. ಬಿದಿರಿನ ಹಲಗೆ, ಬಿದಿರಿನ ಮನೆಗಳ ಮೇಲೂ ಅಲ್ಲಿ ಬಹಳ ಕೆಲಸ ಆಗಿದೆ.

ಮೊದಲನೆಯದು ಬಾಗು ಪರೀಕ್ಷೆ. ಭಾರತೀಯ ಮಾನಕ 1708ರ ಪ್ರಕಾರ ಮರದ ಸಣ್ಣ ಮಾದರಿ 2 × 2 ಸೆಂಟಿಮೀಟರ್ ದಪ್ಪ, 30 ಸೆಂಟಿಮೀಟರ್ ಉದ್ದ. ಅದನ್ನು 28 ಸೆಂಟಿಮೀಟರ್ ದೂರದ ಎರಡು ಆಧಾರಗಳ ಮೇಲಿಟ್ಟು ನಡುವೆ ನಿಧಾನವಾಗಿ ಒತ್ತುತ್ತಾರೆ. ಯಂತ್ರ ಪ್ರತಿ ಕ್ಷಣವೂ ಭಾರವನ್ನೂ ಬಾಗನ್ನೂ ಬರೆದುಕೊಳ್ಳುತ್ತೆ. ನಕ್ಷೆ ಮೊದಲು ನೇರ ಗೆರೆ, ಆಮೇಲೆ ಬಳುಕುತ್ತೆ, ಕೊನೆಗೆ ಟಪ್ ಅಂತ ಮುರಿಯುತ್ತೆ. ನೇರ ಗೆರೆಯ ಇಳಿಜಾರಿನಿಂದ ಬಿಗಿತ, ತುತ್ತತುದಿಯಿಂದ ಬಲ ಸಿಗುತ್ತೆ. ದೊಡ್ಡ ಅಂಟು ತೊಲೆಗಳನ್ನು ಪೂರ್ತಿ ಅಳತೆಯಲ್ಲೂ ಹೀಗೆ ಮುರಿದು ನೋಡಬೇಕು. ಸಣ್ಣ ಮಾದರಿಯಲ್ಲಿ ಗಂಟು ಇರಲ್ಲ, ಬೆರಳು ಜೋಡಣೆ ಇರಲ್ಲ. ನಿಜವಾದ ತೊಲೆಯಲ್ಲಿ ಇರುತ್ತೆ.

ಎರಡನೆಯದು ಅಂಟಿನ ಗೆರೆಯ ಪರೀಕ್ಷೆ. ಅಂಟಿಸಿದ ಸಣ್ಣ ತುಂಡಿನ ಒಂದು ಅರ್ಧವನ್ನು ಹಿಡಿದು ಇನ್ನೊಂದು ಅರ್ಧವನ್ನು ಜಾರುವಂತೆ ಒತ್ತಿ ಬಿಡಿಸುತ್ತಾರೆ. ಬಿಟ್ಟುಬಂದ ಮೈಯನ್ನು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತೆ. ಎರಡೂ ಕಡೆ ಮರದ ನಾರು ಹರಿದು ಅಂಟಿಕೊಂಡಿದ್ದರೆ ಮರ ಸೋತಿದೆ, ಅಂಟು ಗೆದ್ದಿದೆ, ಅಂಟು ಪಾಸ್. ಮೈ ನುಣ್ಣಗಿದ್ದರೆ ಅಂಟೇ ಸೋತಿದೆ. ಮರ ಎಷ್ಟೇ ಒಳ್ಳೇದಿದ್ದರೂ ಆ ತೊಲೆ ಫೇಲ್.

ಮೂರನೆಯದು ನೀರಿನ ಪರೀಕ್ಷೆ. ಮರ ನೀರು ಕುಡಿದರೆ ಅಡ್ಡಕ್ಕೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಉದ್ದಕ್ಕೆ ಮಾತ್ರ ಬಹಳ ಕಡಿಮೆ. ಪ್ರತಿ ಮಳೆಗಾಲ, ಪ್ರತಿ ಬೇಸಗೆ ಅಂಟಿನ ಗೆರೆಯನ್ನು ಎಳೆದಾಡುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲೈವುಡ್ ಮೇಲೆ "710" ಅಂತ ಮುದ್ರೆ ನೋಡಿರಬಹುದು. ಅದು ನೀರಿನ ಕೆಲಸಕ್ಕೆ ಬರುವ ಮರೈನ್ ಪ್ಲೈವುಡ್‌ನ ಮಾನಕದ ಸಂಖ್ಯೆ. ಅದರ ಅಂಟು 72 ಗಂಟೆ ಕುದಿಯುವ ನೀರನ್ನು ತಾಳಬೇಕು. ಕೇಸೀನ್ ಅಂಟಿಗೆ ಈ ತಾಕತ್ತು ಇರಲಿಲ್ಲ. 1940ರ ದಶಕದಲ್ಲಿ ನೀರು ತಾಳುವ ಫೀನಾಲ್-ರಿಸಾರ್ಸಿನಾಲ್ ಅಂಟು ಬಂದ ಮೇಲೆಯೇ ಅಂಟು ತೊಲೆ ಮನೆಯ ಹೊರಗೂ ಬಂತು.

ನಾಲ್ಕನೆಯದು ಕಾಲದ ಪರೀಕ್ಷೆ. ಕೆಲವು ನಿಮಿಷ ಒಂದು ಭಾರ ಹೊತ್ತ ಮರ ಹತ್ತು ವರ್ಷ ಅದೇ ಭಾರ ಹೊರುತ್ತೆ ಅಂತ ಹೇಳೋಕಾಗದು. ಹತ್ತು ವರ್ಷ ಸತತ ಹೊರಬೇಕಾದರೆ, ಕೆಲವೇ ನಿಮಿಷದ ಪರೀಕ್ಷೆಯಲ್ಲಿ ಕಂಡ ಬಲದ ಸುಮಾರು 60 ಪ್ರತಿಶತ ಮಾತ್ರ ಅಂತ ಲೆಕ್ಕ ಹಿಡಿಯುತ್ತಾರೆ. ಸೂರಿನ ಹೆಂಚು ಒಂದು ದಿನವೂ ರಜೆ ತಗೊಳ್ಳಲ್ಲ, ನೆನಪಿಡಿ!

ಮಾಡಿ ನೋಡಿ

ಯಂತ್ರ ಇಲ್ಲದಿದ್ದರೂ ನಮ್ಮ ಶಾಲೆಯಲ್ಲಿ ಇದನ್ನು ಅಳೆಯಬಹುದು. ನಾಲ್ಕೈದು ಜನ ಸೇರಿ ಮಾಡಿ.

ಬೇಕಾದದ್ದು: ಒಂದೇ ಹಲಗೆಯಿಂದ ಬಡಗಿ ಸೀಳಿಕೊಟ್ಟ 7 ಪಟ್ಟಿಗಳು, ಪ್ರತಿಯೊಂದೂ 75 ಸೆಂಟಿಮೀಟರ್ ಉದ್ದ, 30 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ. ಮರಕ್ಕೆ ಹಾಕುವ ಬಿಳಿ ಅಂಟು, ಅಂದರೆ ಫೆವಿಕಾಲ್ ಥರದ್ದು. ದಾರ, ಹಿಡಿ ಇರುವ ಪ್ಲಾಸ್ಟಿಕ್ ಕ್ಯಾನು, ಅಳತೆಯ ಲೋಟ, ಸ್ಕೇಲು.

1. ಎರಡು ಪಟ್ಟಿಗಳ ಒಳಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ತೆಳುವಾಗಿ ಅಂಟು ಸವರಿ ಜೋಡಿಸಿ. ಮೇಲೆ ಇಟ್ಟಿಗೆ ಸಾಲಾಗಿ ಇಟ್ಟು ಒಂದು ಪೂರ್ತಿ ದಿನ ಬಿಡಿ. ಇಂಥ ಎರಡು ಜೋಡಿ ಮಾಡಿ. ಉಳಿದ 3 ಪಟ್ಟಿ ಹಾಗೇ ಇರಲಿ.

2. ಎರಡು ಬೆಂಚುಗಳನ್ನು ಸರಿಯಾಗಿ 60 ಸೆಂಟಿಮೀಟರ್ ದೂರ ಇಟ್ಟು ಪಟ್ಟಿಯನ್ನು ಅಡ್ಡ ಇಡಿ. ನಡುವೆ ದಾರದಿಂದ ಖಾಲಿ ಕ್ಯಾನು ತೂಗುಹಾಕಿ. ಹಿಂದೆ ಸ್ಕೇಲ್ ನಿಲ್ಲಿಸಿ ಪಟ್ಟಿಯ ಮಟ್ಟ ಗುರುತು ಮಾಡಿ. ಅದೇ ಸೊನ್ನೆ.

3. ಒಂದೊಂದು ಸಲ ಕಾಲು ಲೀಟರ್ ನೀರು ಹಾಕುತ್ತಾ ಎಷ್ಟು ಇಳಿಯಿತು ಅಂತ ಬರೆಯಿರಿ. ಒಂಟಿ ಪಟ್ಟಿಗೆ 1 ಲೀಟರ್ ಸಾಕು. ಅಂಟಿಸಿದ ಜೋಡಿಗೆ 3 ಲೀಟರ್ ತನಕ ಹೋಗಬಹುದು.

4. ಮೊದಲು ಒಂಟಿ ಪಟ್ಟಿ, ಆಮೇಲೆ ಅಂಟಿಲ್ಲದ ಎರಡು ಪಟ್ಟಿ, ಆಮೇಲೆ ಅಂಟಿಸಿದ ಜೋಡಿ.

ನೀರು ತುಂಬಿದ ಕ್ಯಾನಿನ ಕೆಳಗೆ ಕಾಲಿಡಬೇಡಿ. ಮುಖವನ್ನು ಪಟ್ಟಿಯ ನೇರಕ್ಕೆ ತರಬೇಡಿ. ಮನೆಯ ತೊಲೆ, ರೀಪಿಗೆ ಭಾರ ಕಟ್ಟಿ ಪರೀಕ್ಷೆ ಮಾಡೋದು ಬೇಡವೇ ಬೇಡ.

ಎಷ್ಟು ಬರಬೇಕು? 1 ಲೀಟರ್ ನೀರಿನ ಭಾರ ಸುಮಾರು 10 ನ್ಯೂಟನ್. ತೇಗದಂಥ ಮರಕ್ಕೆ ಸ್ಥಿತಿಸ್ಥಾಪಕ ಗುಣಾಂಕ ಚದರ ಮಿಲಿಮೀಟರಿಗೆ ಸುಮಾರು 10,000 ನ್ಯೂಟನ್. ಈ ಲೆಕ್ಕದಲ್ಲಿ 1 ಲೀಟರಿಗೆ ಒಂಟಿ ಪಟ್ಟಿ 14.4 ಮಿಲಿಮೀಟರ್ ಬಾಗುತ್ತೆ, ಅಂಟಿಲ್ಲದ ಎರಡು 7.2, ಅಂಟಿಸಿದ ಜೋಡಿ 1.8. ನಿಮ್ಮ ಮರ ಬೇರೆಯಾದರೆ ಅಂಕಿ ಬೇರೆ ಬರುತ್ತೆ, ಆದರೆ ಅನುಪಾತ ಮಾತ್ರ ಇದಕ್ಕೆ ಹತ್ತಿರ ಇರಬೇಕು: ಅಂಟಿಲ್ಲದ್ದು ಒಂಟಿಯ ಅರ್ಧ, ಅಂಟಿಸಿದ್ದು ಒಂಟಿಯ ಎಂಟನೇ ಒಂದು ಭಾಗ.

10ನೇ ತರಗತಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಭಾರವನ್ನು ದೂರದ ಘನದಿಂದ ಗುಣಿಸಿ. ಅದನ್ನು (4 × ಅಗಲ × ದಪ್ಪದ ಘನ × ಬಾಗು) ಇಂದ ಭಾಗಿಸಿ. ಎಲ್ಲ ಉದ್ದವೂ ಮಿಲಿಮೀಟರಿನಲ್ಲಿರಲಿ. ಒಂಟಿ ಪಟ್ಟಿಯ ಅಳತೆ ಹಾಕಿದರೆ ನಿಮ್ಮ ಮರದ ಸ್ಥಿತಿಸ್ಥಾಪಕ ಗುಣಾಂಕ ಸಿಗುತ್ತೆ. ಎಂಜಿನಿಯರು ಬಳಸುವ ಸೂತ್ರವೂ ಇದೇ.

ಮುರಿಯದೆ ಹಿಡಿಯುವ ಗುಟ್ಟು

ಈ ಅನುಪಾತದಲ್ಲೇ ಒಂದು ದೊಡ್ಡ ಉಪಯೋಗ ಅಡಗಿದೆ. ಎರಡನೇ ಅಂಟು ಜೋಡಿಯ ಬಾಗನ್ನು ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ನೆರಳಿನಲ್ಲಿ ಒಂದು ವಾರ ಚೆನ್ನಾಗಿ ಒಣಗಿಸಿ, ಮತ್ತೆ ಅಳೆಯಿರಿ. ಒದ್ದೆ ಮರ ತಾನೇ ಹೆಚ್ಚು ಬಾಗುತ್ತೆ, ಅದಕ್ಕೆ ಪೂರ್ತಿ ಒಣಗೋದು ಮುಖ್ಯ.

ಬಾಗು ಮೊದಲಿನಷ್ಟೇ ಇದ್ದರೆ ಅಂಟು ಹಿಡಿದಿದೆ. ಎಂಟನೇ ಒಂದು ಭಾಗದಿಂದ ಅರ್ಧದ ಕಡೆಗೆ ಸರಿಯುತ್ತಿದ್ದರೆ ಅಂಟಿನ ಗೆರೆ ಬಿಡುತ್ತಿದೆ. ಹೊರಗಿನಿಂದ ನೋಡಿದರೆ ಜೋಡಿ ಹಾಗೇ ಅಂಟಿಕೊಂಡಿರಬಹುದು. ಆದರೆ ಒಳಗೆ ಒಂದು ತೊಲೆ ಮತ್ತೆ ಎರಡು ಹಲಗೆ ಆಗುತ್ತಿರೋದನ್ನು ಬಾಗಿನ ಅಂಕಿ ಹೇಳಿಬಿಡುತ್ತೆ. ಕಣ್ಣಿಗೆ ಕಾಣದ್ದನ್ನು ಸ್ಕೇಲ್ ಕಾಣುತ್ತೆ!

ಮೊದಲ ಜೋಡಿಗೆ 2 ಲೀಟರ್ ತೂಗುಹಾಕಿ ಒಂದು ವಾರ ಹಾಗೇ ಬಿಡಿ. ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಭಾರ ಹೆಚ್ಚಾಗದೆಯೇ ಬಾಗು ಮೆಲ್ಲಗೆ ಹೆಚ್ಚುತ್ತಿದ್ದರೆ ಅದಕ್ಕೆ ತೆವಳು ಅಂತ ಹೆಸರು. ಮರವೂ ತೆವಳುತ್ತೆ, ಸಾಧಾರಣ ಬಿಳಿ ಅಂಟೂ ತೆವಳುತ್ತೆ. ಕುರ್ಚಿ ಮೇಜಿಗೆ ಬಳಸುವ ಬಿಳಿ ಅಂಟನ್ನು ಸೂರಿನ ತೊಲೆಗೆ ಬಳಸದೇ ಇರೋದಕ್ಕೆ ನೀರು ಒಂದು ಕಾರಣವಾದರೆ ಇದು ಇನ್ನೊಂದು.

ನಾಳೆ ನಿಮ್ಮಲ್ಲಿ ಯಾರೋ ಬಡಗಿ ಆಗಬಹುದು, ಎಂಜಿನಿಯರ್ ಆಗಬಹುದು, ಬದುವಿನ ಬಿದಿರು ಮಾರುವ ರೈತರಾಗಬಹುದು. "ಇದು ಗಟ್ಟಿ ತೊಲೆ, ನಂಬಿ" ಅಂತ ಯಾರಾದರೂ ಅಂದರೆ ಮೂರು ಪ್ರಶ್ನೆ ಕೇಳಿ: ಎಷ್ಟು ಭಾರಕ್ಕೆ ಎಷ್ಟು ಬಾಗಿತು? ನೆನೆದು ಒಣಗಿದ ಮೇಲೆ ಎಷ್ಟು ಬಾಗಿತು? ಎಷ್ಟು ದಿನ ಹೊತ್ತು ನೋಡಿದ್ದೀರಿ? ಮೂರಕ್ಕೂ ಅಂಕಿಯಲ್ಲಿ ಉತ್ತರ ಬಂದರೆ ಆ ತೊಲೆಯ ಕೆಳಗೆ ಮಲಗಬಹುದು.

ನಿಮ್ಮ ಅಳತೆಗಳ ಪಟ್ಟಿಯನ್ನು ಶಿಕ್ಷಕರ ಮೂಲಕ ಪತ್ರಿಕೆಗೆ ಕಳಿಸಿ. ಮರ ಯಾವುದು, ಅಂಟು ಯಾವುದು, ಎಷ್ಟು ದಿನ ಒಣಗಿಸಿದಿರಿ ಅಂತ ಬರೆಯೋದು ಮರೆಯಬೇಡಿ. ಅನುಪಾತ ಎಂಟನೇ ಒಂದು ಭಾಗ ಬರದಿದ್ದರೂ ಕಳಿಸಿ. ಯಾಕೆ ಬರಲಿಲ್ಲ ಅಂತ ನಿಮಗೆ ಅನಿಸಿದ್ದನ್ನೂ ಬರೆಯಿರಿ.